ಗುಳಿಗೆ ಬಿಟ್ಟ ಪಾಯಸ

ಜೋಗಿಮಟ್ಟಿ ಮೇಲೂರು
ಕ್ರಿ.ಶ. 2219, ಫೆಬ್ರವರಿ ಮೂವತ್ತು

ನನ್ನ ಮುತ್ತಜ್ಜನ ಮುತ್ತಜ್ಜನಾದ ರುದ್ರಮುನಿಯವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮದರಲ್ಲಿದೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದಕ್ಕಷ್ಟೇ. ಉಳಿದದ್ದಕ್ಕೆ ನೀವು ಕೇಳಬೇಕು.

ಬಿಸಿಲು ತಾಳಲಾರದೆ ದುರ್ಗದ ಜನ ಈ ಬೆಟ್ಟಕ್ಕೆ ಬಂದು ಮೂರು ತಲೆಮಾರಾಯಿತು. ಇಲ್ಲಿ ಕರೆಂಟು ಆಸ್ಪತ್ರೆಗೆ ಮಾತ್ರ. ಕೆಳಗಿನ ಕೆರೆಯ ನೀರನ್ನು ನಾವೇ ಚಕ್ರ ತುಳಿದು ಮೇಲೆತ್ತುತ್ತೇವೆ. ಅದಕ್ಕೆ ಕಾಲುಪಾಳಿ ಎನ್ನುತ್ತೇವೆ. ಮನೆಗೊಬ್ಬರು ತುಳಿಯಲೇಬೇಕು. ತುಳಿಯುವವರಿಲ್ಲದ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಕೆಳಗಿನ ಬಿಸಿಲಿಗೆ ಇಳಿಯಬೇಕು.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿದೆ, ಊರಿನಲ್ಲಿ ಬೇರೆ ಯಾರಿಗೂ ಇಲ್ಲದ್ದು. ರಕ್ತದೊತ್ತಡ ಇಳಿದ ದಿನ ಶಾವಿಗೆ ಪಾಯಸ ಮಾಡಿ ಗುಳಿಗೆ ಬಿಡುವುದು. ಶುರುಮಾಡಿದವರು ತಾವೇ. ಆ ದಿನ ಎಲ್ಲರೂ ಆಸ್ಪತ್ರೆಯ ಪರದೆಯ ಮುಂದೆ ಕೂತು ನಿಮ್ಮ ಹಳೆಯ ವಿಡಿಯೊ ನೋಡುತ್ತಾರೆ. ನೀವು ಎದೆ ತಟ್ಟಿಕೊಂಡು ಹೆಂಡತಿಗೆ ಹೇಳುತ್ತೀರಿ: “ಬಿಪಿ ಇಳೀತಲ್ಲ, ಇನ್ಯಾಕೆ ಗುಳಿಗೆ? ಕಲ್‌ಗುಂಡಿದ್ದಂಗೆ ಅದೀನಿ ಕಣೇ, ಪಾಯ್ಸ ಮಾಡು!” ಇಳಿಸಿದ್ದೇ ಆ ಗುಳಿಗೆ ಎಂಬುದು ನಿಮ್ಮ ತಲೆಗೆ ಹೊಳೆಯಲಿಲ್ಲ. ನೀವು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಂತೆ ಬೇರೆ!

ನನ್ನ ಅಣ್ಣ ತಿಪ್ಪೇಶನೂ ಆ ಪಾಯಸ ಉಂಡ. ಚಕ್ರಕ್ಕೆ ಅವನಷ್ಟು ಗಟ್ಟಿ ಕಾಲು ಇನ್ನೊಂದಿರಲಿಲ್ಲ. ಒತ್ತಡ ಸದ್ದಿಲ್ಲದೆ ಮತ್ತೆ ಏರಿತು. ಅದರ ವಿರುದ್ಧ ವರ್ಷಗಟ್ಟಲೆ ಗುದ್ದಾಡಿ ಅವನ ಹೃದಯದ ಗೋಡೆ ದಪ್ಪವಾಯಿತು. ದಪ್ಪವಾದರೆ ಬಲ ಬಂತೆಂದುಕೊಳ್ಳಬೇಡಿ, ಬಂದದ್ದು ಬಿಗಿತ. ಬಡಿತಗಳ ನಡುವೆ ಅದು ಸಡಿಲಗೊಳ್ಳುವುದಿಲ್ಲ, ರಕ್ತ ಸಾಕಷ್ಟು ತುಂಬಿಕೊಳ್ಳುವುದಿಲ್ಲ. ಕುಳಿತಿದ್ದರೆ ಅಣ್ಣ ಆರಾಮಾಗಿರುತ್ತಾನೆ. ತುಳಿಯಲು ನಿಂತರೆ ಕಾಲು ಕೇಳಿದಷ್ಟು ರಕ್ತ ಕೊಡಲು ಆ ಹೃದಯಕ್ಕೆ ಆಗದು. ಒಂದು ದಿನ ಪಾಳಿಯ ಮಧ್ಯದಲ್ಲೇ ಏದುಸಿರು ಬಿಡುತ್ತಾ ಕುಸಿದ. ಈಗ ಮಗಳನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಲಾರ. ಅವನನ್ನು ಕಂಡಾಗಲೆಲ್ಲ ನಿಮ್ಮ ಮೇಲೆ ಮೈಯೆಲ್ಲ ಉರಿಯುತ್ತದೆ.

ಈಗ ಮನೆಗೆ ಉಳಿದಿರುವುದು ನನ್ನ ಕಾಲು. ನನಗೂ ಒತ್ತಡ ಬಂತು, ಗುಳಿಗೆಯಿಂದ ಇಳಿಯಿತು. ಇವತ್ತು ಅಮ್ಮ ಶಾವಿಗೆ ಹುರಿದಿಟ್ಟು, “ಇಳಿದೈತಲ್ಲವ್ವ, ಇನ್ ಬಿಟ್‌ಬಿಡು. ಹಿರೇರು ಮಾಡಿದ್ದು ಸುಳ್ಳಾ?” ಎಂದಳು. ಸುಳ್ಳೇ ಎಂದೆ.

ನೀವು ಇನ್ನೂ ಬದುಕಿರುವ ಕಾಲಕ್ಕೆ ಬರೆಯುತ್ತಿದ್ದೇನೆ. ಇವತ್ತಿನ ಗುಳಿಗೆ ಎಲ್ಲರೆದುರು ನುಂಗಿ, ಬೇಕಾದರೆ ಅದನ್ನೇ ವಿಡಿಯೊ ಮಾಡಿಸಿ. ನನ್ನ ಪಾಳಿಯ ಗಂಟೆ ಹೊಡೆಯಿತು. ಗುಳಿಗೆ ನುಂಗಿಯೇ ಹೊರಟಿದ್ದೇನೆ. ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ; ಅದನ್ನೂ ನಿಮ್ಮ ತಲೆಗೇ ಕಟ್ಟುತ್ತೇನೆ.

ಸಿರಿಗೌರಿ