ಬೇಲಿಯ ಪಕ್ಕದ ಹಳೆಯ ಮರಗೆಣಸು

ಭಾವಮೈದುನ ಮಹಾಶಯನಿಗೆ,

ಬೇಲಿಯಾಚೆಯಿಂದ ಕೂಗಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆಂದು ಕಾಗದ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ‘ಕಮ್ ಟು ದ ಪಾಯಿಂಟ್’ ಎನ್ನುತ್ತಿದ್ದರು. ಬರುವುದು ಹೇಗೆಂದು ಮಾತ್ರ ಹೇಳಿಕೊಡಲಿಲ್ಲ.

ನಾಟಿಗೆಂದು ನಾನು ಬೆಳೆಸಿರುವ ಹೊಸ ತಳಿಯ ಮರಗೆಣಸಿನ ಕಾಂಡಗಳನ್ನು ನೋಡಲು ಕೃಷಿ ಇಲಾಖೆಯ ಪರೀಕ್ಷಕಿ ಬಂದಿದ್ದರು. ಗಿಡ ಚೆನ್ನಾಗಿದೆ ಎಂದರು. ಆಮೇಲೆ ಬೇಲಿ ಪಕ್ಕದ ನಿನ್ನ ಹಳೆಯ ಗಿಡಗಳ ಮುರುಟಿದ ಹಳದಿ ಎಲೆ ನೋಡಿ, “ಇವು ಇರೋವರೆಗೂ ನಿಮ್ಮ ಕಾಂಡ ಯಾರಿಗೂ ಕೊಡೋ ಹಾಗಿಲ್ಲ” ಅಂದುಬಿಟ್ಟರು.

“ನಮ್ಮದು ರೋಗಕ್ಕೆ ರೆಸಿಸ್ಟೆಂಟ್ ಅಲ್ವೇನಮ್ಮಾ?” ಎಂದೆ.

“ತಡಕೊಳ್ಳುತ್ತೆ ಯಜಮಾನ್ರೇ. ಬಿಳಿನೊಣ ದಿನಾ ರೋಗ ತಂದು ಹಾಕ್ತಿದ್ರೆ ಅದಾದ್ರೂ ಎಷ್ಟು ಅಂತ ತಡಕೊಳ್ಳುತ್ತೆ?”

ಊರಿನವರೆಲ್ಲ ಈ ಸಲದ ನಾಟಿಗೆ ಈ ಕಾಂಡಗಳಿಗಾಗಿಯೇ ಕಾಯುತ್ತಿದ್ದಾರೆ.

ನಿನ್ನ ಗಿಡಗಳನ್ನು ನಿನ್ನ ಅಕ್ಕ ನೆಟ್ಟದ್ದೆಂದು ನನಗೆ ಗೊತ್ತಿಲ್ಲವೇ? ಅದೇ ಕಾಂಡ ಮುರಿದು ತಂದು ನಮ್ಮ ಹಿತ್ತಿಲಲ್ಲೂ ನೆಟ್ಟಿದ್ದಳು. ಅವಳು ಹೋದ ಮೇಲೂ ಪ್ರತಿವರ್ಷ ಅದನ್ನೇ ತುಂಡು ಮಾಡಿ ಮತ್ತೆ ನೆಡುತ್ತಿದ್ದೆ. ನಿನ್ನೆ ಎಲ್ಲವನ್ನೂ ನಾನೇ ಕಿತ್ತೆ.

ನಿನ್ನವನ್ನೂ ಕೀಳಪ್ಪ. ಮೊಂಡುತನದಲ್ಲಿ ನೀನು ಅವಳ ತಮ್ಮನೇ, ಆದರೂ ಕೇಳುತ್ತಿದ್ದೇನೆ. ಗೆಡ್ಡೆ ತಿನ್ನಲು ಅಡ್ಡಿಯಿಲ್ಲವಂತೆ, ಕಾಂಡ ಮಾತ್ರ ಸುಡಬೇಕು. ನಮ್ಮ ಗೆಡ್ಡೆ ಬೇಯಿಸಿಡುತ್ತೇನೆ, ಊಟಕ್ಕೆ ಬಾ. ಆಮೇಲೆ ಎರಡೂ ರಾಶಿಗೆ ಬೆಂಕಿ ಇಡೋಣ. ನಮ್ಮ ರಾಶಿ ಇನ್ನೂ ಹಿತ್ತಿಲಲ್ಲೇ ಬಿದ್ದಿದೆ. ಬೆಂಕಿಪೊಟ್ಟಣ ಕೈಗೆತ್ತಿಕೊಂಡೆ, ಮತ್ತೆ ಒಲೆಯ ಪಕ್ಕದಲ್ಲೇ ಇಟ್ಟೆ. ಇಬ್ಬರಿದ್ದರೆ ಆದೀತು.

ಕಾಯುತ್ತಿರುವ,
ನಿನ್ನ ಭಾವ