ಪರ್ಸಿಯ ಹೆಸರು ಕೂಗಿದ್ದು

ತಂಗಿ ಗಿರಿಜೆಗೆ ಅಣ್ಣ ಬರೆಯುವುದು.

ಇಂಗ್ಲಿಷರ ಈ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಯುದ್ಧಕ್ಕೆ ಹೋಗಿ ಸತ್ತ ಊರ ಹುಡುಗರ ಹೆಸರು ಕೆತ್ತಿದ ಕಲ್ಲಿದೆ. ನವೆಂಬರಿನ ಒಂದು ಭಾನುವಾರ, ಆ ಹುಡುಗ ಹೊರಟ ಮನೆಯಲ್ಲಿ ಈಗ ಯಾರಿದ್ದಾರೋ ಅವರೇ ಅವನ ಹೆಸರು ಕೂಗಬೇಕು. ಮನೆ ಖಾಲಿಯಿದ್ದರೆ ಆ ಹೆಸರಿಗೆ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ನಿನ್ನ ಅತ್ತಿಗೆ ಹೋದಮೇಲೆ ನಾನು ಬಾಡಿಗೆಗೆ ಹಿಡಿದ ಮನೆ, ಆ ಕಲ್ಲಿನಲ್ಲಿ ಹೆಸರಿರುವ ಪರ್ಸಿ ಪಿಂಚ್‌ಬೆಕ್‌ನದಂತೆ. ಬಹಳ ವರ್ಷ ಬೀಗ ಹಾಕಿತ್ತು. ಅವನ ತಂಗಿ ಎಡ್ನಾ, ಎಂಬತ್ತರ ಮುದುಕಿ, ಮೊನ್ನೆ ಬಾಗಿಲಿಗೇ ಬಂದು, "ಈ ಸಲನಾದ್ರೂ ನಮ್ಮಣ್ಣನ ಹೆಸರು ಕಿವಿಗೆ ಬೀಳ್ಲಪ್ಪ, ಆಮೇಲೆ ಸತ್ರೂ ಸರಿ" ಎಂದಳು.

ಇವತ್ತು ಇಡೀ ಊರು ಮಂಜಿನಲ್ಲಿ ನಿಂತಿತ್ತು, ಒಬ್ಬರೂ ಕೆಮ್ಮಲಿಲ್ಲ. ಬೇಕರಿಯವನು, ಅಂಚೆಕಚೇರಿಯ ಹೆಂಗಸು, ಒಬ್ಬೊಬ್ಬರೂ ತಮ್ಮ ಮನೆಯ ಹುಡುಗನನ್ನು ಊಟಕ್ಕೆ ಕರೆದ ಹಾಗೆ ಕರೆದರು. ನನಗೆ ಮೈ ಜುಮ್ಮೆಂದಿತು ಕಣೆ. ನನ್ನ ಸರದಿ ಬಂದಾಗ ಕಾಲೇಜಿನ ಇಂಗ್ಲಿಷೆಲ್ಲ ಕೈಕೊಟ್ಟಿತು. ಕೊನೆಗೆ ಕೆರೆ ಏರಿಯಿಂದ ನಿನ್ನನ್ನು ಕೂಗುತ್ತಿದ್ದೆನಲ್ಲ, ಹಾಗೇ ಕೂಗಿಬಿಟ್ಟೆ. ಮರದ ಕಾಗೆಗಳೆಲ್ಲ ಎದ್ದವು.

"ಅಷ್ಟು ಜೋರು ಬೇಕಿರ್ಲಿಲ್ಲ, ಅವನೇನು ಕಿವುಡ ಅಲ್ಲ" ಎಂದು ಎಡ್ನಾ ಬೈದಳು. ಬೈದವಳು ನನ್ನ ತೋಳು ಬಿಡದೆ ಮನೆಯವರೆಗೂ ಬಂದು, ಹೊಸ್ತಿಲ ಮೇಲೆ ನಿಂತು, "ಇಲ್ಲಿಂದ ಇನ್ನೊಂದ್ಸಲ ಕೂಗಿ" ಎಂದಳು.

ಕೂಗಿದೆ. ಗಂಟಲು ಕೂತಿದೆ, ಅದು ಬಿಟ್ಟರೆ ಆರೋಗ್ಯ.

ನಿನ್ನ ಅಣ್ಣ