ಮಳೆ ಬಂದರೂ ಬಟ್ಟೆ ಎತ್ತದ ಬಾಡಿಗೆದಾರರು

ನಮ್ಮ ಪಟ್ಟಣದ ವಸತಿ ಅಧಿಕಾರಿಗಳೇ,

ಕೊಡುತ್ತೇವೆ ಎಂದದ್ದು: ದುಡಿಯುವವರಿಗೆ ಕೈಗೆಟಕುವ ಬಾಡಿಗೆಯ ಮನೆ, ಒಳಗೇ ನಲ್ಲಿ, ಬಾಗಿಲಿಗೊಂದು ಗಟ್ಟಿ ಚಿಲಕ. ಕೊಟ್ಟದ್ದು: ‘ಎಲ್ಲ ಮನೆಗಳೂ ಭರ್ತಿಯಾಗಿವೆ’ ಎಂಬ ಬೋರ್ಡು. ಅದನ್ನಾದರೂ ಅಚ್ಚುಕಟ್ಟಾಗಿ ಬರೆಸಿದ್ದೀರಿ, ಸಂತೋಷ.

ನನ್ನ ಅಕ್ಕ ಆಸ್ಪತ್ರೆಯಲ್ಲಿ ಆಯಾ. ಊರಿನ ರೋಗಿಗಳಿಗೆಲ್ಲ ಹಾಸಿಗೆ ಹಾಸುವವಳಿಗೆ ತನ್ನ ಚಾಪೆ ಬಿಡಿಸಲು ಜಾಗವಿಲ್ಲ. ಮಗಳೊಂದಿಗೆ ಇರುವ ತಗಡಿನ ಕೋಣೆಯನ್ನು ಈ ತಿಂಗಳ ಕೊನೆಗೆ ಬಿಡಬೇಕು. ಮಾಲೀಕರು ಅಲ್ಲಿ ಕಾರು ನಿಲ್ಲಿಸುತ್ತಾರಂತೆ. ಮನೆ ಹುಡುಕುತ್ತಾ ನಾನೂ ಅವಳ ಜೊತೆ ಬೀದಿ ಬೀದಿ ಅಲೆದೆ. ಬಹಳ ಕಡೆ ಬಾಡಿಗೆ ಕೇಳಿಯೇ ವಾಪಸ್ಸು ಬಂದೆವು. ಒಂದೇ ಒಂದು ಮನೆ ಅವಳ ಸಂಬಳಕ್ಕೆ ಹೊಂದಿತು. ಒಡತಿ ಬಾಗಿಲಲ್ಲೇ ನಿಂತು, ‘ಯಜಮಾನರು?’ ಎಂದರು.

‘ತೀರಿಕೊಂಡ್ರು.’

‘ಇವರು?’

‘ನನ್ನ ತಮ್ಮ.’

‘ಎಲ್ಲರೂ ಹಾಗೇ ಹೇಳ್ತಾರಮ್ಮ.’

‘ನೀವೂ ಹಾಗೇ ಹೇಳ್ತಿದ್ರಾ ತಾಯಿ?’ ಎಂದಳು ಅಕ್ಕ. ಆ ಮನೆಯೂ ಹೋಯಿತು.

ಆಮೇಲೆ ತಮ್ಮ ಕಚೇರಿಗೆ ಬಂದೆವು. ಗುಮಾಸ್ತರು ತಲೆಯೆತ್ತದೆ, ‘ಎಲ್ಲಾ ಫುಲ್ಲು. ಬೇಕಾದ್ರೆ ಹೋಗಿ ನೋಡ್ಕೊಳ್ಳಿ, ಬಟ್ಟೆ ಒಣಗ್ತಿದೆ’ ಎಂದರು. ಹೋಗಿ ನೋಡಿದೆವು. ತಾವು ಕಟ್ಟಿಸಿದ ಹೊಸ ಕಟ್ಟಡದ ಮಹಡಿ ಮಹಡಿಯ ಕಂಬಿಯ ಮೇಲೂ ಸೀರೆ, ಅಂಗಿ, ಮಕ್ಕಳ ಲಂಗ. ‘ಹೋಗ್ಲಿ ಬಿಡೋ, ನಮ್ಮಂಥೋರಿಗೇ ಸಿಕ್ಕಿದೆಯಲ್ಲ’ ಎಂದು ಅಕ್ಕ ಸಮಾಧಾನ ಮಾಡಿಕೊಂಡಳು.

ಅಷ್ಟರಲ್ಲಿ ಮಳೆ ಬಂತು.

ಮಾನ್ಯರೇ, ತಾವು ಕಟ್ಟಡ ಕಟ್ಟಬಲ್ಲಿರಿ, ಕತೆಯನ್ನೂ ಕಟ್ಟಬಲ್ಲಿರಿ. ಆದರೆ ನಾಲ್ಕು ಹನಿ ಬಿದ್ದರೆ ಜನ ಇರುವ ಮನೆಯಲ್ಲಿ ಏನಾಗುತ್ತದೆಂಬುದು ತಮಗೆ ಗೊತ್ತೆ? ಒಲೆಯ ಮೇಲಿನದು ಸೀದುಹೋದರೂ ಸರಿ, ಯಾರಾದರೊಬ್ಬರು ಓಡಿಬಂದು ಬಟ್ಟೆ ಎತ್ತುತ್ತಾರೆ. ತಮ್ಮ ಕಟ್ಟಡದಿಂದ ಒಂದು ಕೈಯೂ ಹೊರಬರಲಿಲ್ಲ. ಎದುರಂಗಡಿಯವರು, ‘ಯಾರ್ರೀ ಮೇಲೆ, ಬಟ್ಟೆ ನೆನೀತಿದೆ!’ ಎಂದು ಕೂಗಿ ಕೂಗಿ ಸುಸ್ತಾದರು. ಅಕ್ಕ ತಡೆಯಲಾರದೆ ಮೆಟ್ಟಿಲು ಹತ್ತಿ ಬಟ್ಟೆಯನ್ನೆಲ್ಲ ತೋಳ ತುಂಬ ಬಾಚಿಕೊಂಡಳು. ಒಪ್ಪಿಸಿಬಿಡೋಣವೆಂದು ಬಾಗಿಲು ಬಾಗಿಲಿಗೂ ಹೋದಳು. ಎಲ್ಲಕ್ಕೂ ಬೀಗ. ಕಿಟಕಿಯಲ್ಲಿ ಇಣುಕಿದರೆ ನಲ್ಲಿಗೆ ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇದೆ.

ಕಾವಲುಗಾರ ಏದುಸಿರು ಬಿಡುತ್ತ ಬಂದ. ‘ಅಕ್ಕಾ, ಅಲ್ಲೇ ಹಾಕ್ಬಿಡಿ, ನನ್ ಕೆಲಸ ಹೋಗುತ್ತೆ.’

‘ಯಾರದಪ್ಪಾ ಇದು?’

‘ಆಫೀಸಿನೋರು ಕೊಟ್ಟಿದ್ದು. ಉದ್ಘಾಟನೆಗೆ ದೊಡ್ಡೋರ ಡೇಟ್ ಸಿಕ್ಕಿಲ್ಲ. ಅದಾಗದೆ ಯಾರಿಗೂ ಬೀಗದಕೈ ಕೊಡೋ ಹಾಗಿಲ್ಲ. ಆದ್ರೆ ಮನೆ ಎಲ್ಲಾ ಕೊಟ್ಟಾಯ್ತು ಅಂತ ಮೇಲಧಿಕಾರಿಗಳಿಗೆ ಹೇಳ್ಬಿಟ್ಟಿದ್ದಾರೆ. ಸೋಮವಾರ ಅವರು ನೋಡೋಕೆ ಬರ್ತಾರೆ, ಅದಕ್ಕೇ ಈ ಬಟ್ಟೆ.’

ಅಂದರೆ, ಒಂದು ರಿಬ್ಬನ್ನಿಗೆ ಕತ್ತರಿ ಸಿಗದ ಕಾರಣಕ್ಕೆ ನನ್ನ ಅಕ್ಕ ಬೀದಿಗೆ ಬೀಳಬೇಕು! ಜನರನ್ನು ಒಳಗೆ ಬಿಡಲು ತಮಗೆ ಪುರುಸೊತ್ತಿಲ್ಲ. ಜನರ ಬದಲಿಗೆ ಬಟ್ಟೆ ಹೊಂದಿಸಲು ಪುರುಸೊತ್ತಿತ್ತು. ಆ ಪುಟ್ಟ ಲಂಗವನ್ನು ಆರಿಸಿದವರು ಯಾರು ಸ್ವಾಮಿ? ಅದರೊಳಗೆ ಒಂದು ಮಗು ಇರಬೇಕಿತ್ತು ಎಂದು ಆ ಕ್ಷಣಕ್ಕಾದರೂ ಅನಿಸಲಿಲ್ಲವೆ? ಅಕ್ಕನ ಮಗಳಿಗೆ ಅದು ಸರಿಯಾಗಿಯೇ ಆಗುತ್ತದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ.

ನಾವು, ಈ ಊರಿನ ಬಾಡಿಗೆದಾರರ ಸಂಘದವರು, ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇವೆ. ಬೀಗ ತೆಗೆಯಿರಿ. ಬಾಡಿಗೆ ಕಟ್ಟಿಯೇ ಇರುತ್ತೇವೆ. ದೊಡ್ಡವರು ಪುರುಸೊತ್ತಾದಾಗ ಬಂದು ರಿಬ್ಬನ್ ಕತ್ತರಿಸಲಿ, ಬಾಗಿಲು ನಾವೇ ತೆಗೆಯುತ್ತೇವೆ. ಕಾವಲುಗಾರನ ಕೆಲಸಕ್ಕೆ ಕೈ ಹಾಕಿದರೆ ಮಾತ್ರ ಮುಂದಿನ ಪತ್ರ ಇಷ್ಟು ಮರ್ಯಾದೆಯದಾಗಿರುವುದಿಲ್ಲ.

ಇಂತಿ,
ತಾವು ‘ಮನೆ ಕೊಟ್ಟಾಯ್ತು’ ಎಂದಿರುವ ಊರಿನಲ್ಲಿ ಮನೆಯಿಲ್ಲದವಳ ತಮ್ಮ

ನೆನೆದುಹೋಗಿದ್ದ ತಮ್ಮ ಬಟ್ಟೆಗಳನ್ನು ಅಕ್ಕ ಕೋಣೆಗೆ ತಂದು ಒಗೆದು, ಒಣಗಿಸಿ, ಮಡಿಸಿಟ್ಟಿದ್ದಾಳೆ. ಅವನ್ನು ಅದೇ ಕಂಬಿಯ ಮೇಲೆ ಹರವಲು ನಮ್ಮ ಬಾಡಿಗೆದಾರರ ಸಂಘದವರೆಲ್ಲ ಬರುತ್ತೇವೆ. ಮಳೆ ಬಂದರೆ ಈ ಸಲ ಎತ್ತಲು ಜನ ಇರುತ್ತಾರೆ. ಸಭೆ ಅಲ್ಲೇ, ತಮ್ಮ ಮೇಲಧಿಕಾರಿಗಳ ಎದುರಿಗೇ: ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ.